ಮೇಡಂ ದೀಪ

ಮೇ 6

ಪ್ರೀತಿಯ ಅಕ್ಕ,

ಕಾಗುಣಿತ ತಪ್ಪಿದ್ದರೆ ಕೆಂಪು ಪೆನ್ನು ಹಿಡಿಯಬೇಡ, ಮೊದಲೇ ಹೇಳಿದ್ದೇನೆ! ಶಾಲೆಯಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನನಗೆ ಬರುವ ಕನ್ನಡವೆಲ್ಲ ನೀನು ಕಿವಿ ಹಿಂಡಿ ಕಲಿಸಿದ್ದು. ಫೋನ್ ಮಾಡಿದರೆ "ಶಿಫ್ಟ್ ಮುಗಿಸಿ ಬಂದಿದೀನಿ ಕಣೇ, ನಿದ್ದೆ" ಅಂತ ಇಟ್ಟುಬಿಡುತ್ತೀಯ. ಪತ್ರವಾದರೆ ಕೊನೆಯವರೆಗೂ ಓದಲೇಬೇಕು.

ಅಕ್ಕ, ನಾನು ಎಷ್ಟು ಸುಖವಾಗಿದ್ದೇನೆ ಗೊತ್ತಾ? ಮನೆ ಚಿಕ್ಕದು. ಅಡುಗೆಮನೆಯಲ್ಲಿ ಫ್ರಿಜ್ ಬಾಗಿಲು ತೆಗೆಯಬೇಕಾದರೆ ಇಬ್ಬರಲ್ಲಿ ಒಬ್ಬರು ಹೊರಗೆ ಬರಬೇಕು. ಇವರು ಬೇಕೆಂದೇ ಬರುವುದಿಲ್ಲ! ಹಿತ್ತಿಲ ಬಾಗಿಲು ತೆಗೆದರೆ ಮೂರು ಮೆಟ್ಟಿಲು, ಒಂದು ತಂತಿಬೇಲಿ, ಅದರಾಚೆ ನೇರವಾಗಿ ರನ್‌ವೇ. ಸಂಜೆಗೆ ಒಂದು ದೊಡ್ಡ ಪ್ರಯಾಣಿಕರ ವಿಮಾನ ಬಂದು ಹೋಗುತ್ತದೆ. ಉಳಿದದ್ದೆಲ್ಲ ನಮ್ಮ ತರಬೇತಿ ಶಾಲೆಯ ಪುಟಾಣಿ ವಿಮಾನಗಳು. ಇಬ್ಬರು ಕೂತರೆ ಭುಜಕ್ಕೆ ಭುಜ ತಾಗುತ್ತದೆ. ಸ್ಕೂಟರಿಗೆ ರೆಕ್ಕೆ ಕಟ್ಟಿದಂತಿವೆ ಎಂದು ನಾನು ಹೇಳಿದ್ದಕ್ಕೆ ನಮ್ಮ ಬೋಧಕ ಮಹಾಶಯರು, ಅಂದರೆ ಇವರೇ, ಅರ್ಧ ಗಂಟೆ ಮುನಿಸಿಕೊಂಡಿದ್ದರು.

ನಿನಗೆ ಇಷ್ಟವಾಗುವ ವಿಷಯ ಕೇಳು, ನಿನ್ನ ಕಸುಬಿನದೇ. ದೊಡ್ಡ ವಿಮಾನ ಹೋದ ಮೇಲೆ ವಿಮಾನಗಳಿಗೆ ದಾರಿ ಹೇಳುವ, ನಿನ್ನಂಥ ಟವರಿನವರು ಇಲ್ಲಿ ಬೀಗ ಹಾಕಿಕೊಂಡು ಮನೆಗೆ ಹೋಗಿಬಿಡುತ್ತಾರೆ. ಆಮೇಲೆ ಹಾರುವವರು ರೇಡಿಯೋದಲ್ಲಿ ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತಾರೆ. ಆದರೆ ಹುಲ್ಲು ಕೊಯ್ಯುವ ಟ್ರ್ಯಾಕ್ಟರಿಗೆ ರೇಡಿಯೋ ಇಲ್ಲ. ಅದು ಈ ಬದಿಯಿಂದ ಆ ಬದಿಗೆ ಹೋಗಬೇಕಾದರೆ ರನ್‌ವೇಯನ್ನು ಅಡ್ಡ ದಾಟಬೇಕು. ಬೇಲಿ ಸುತ್ತಿ ಹೋಗುವ ದಾರಿ ಇದೆ, ಆದರೆ ಬಲು ದೂರ. ಅದಕ್ಕೆ ಒಂದು ನಿಯಮ ಮಾಡಿಕೊಂಡಿದ್ದಾರೆ. ರನ್‌ವೇ ತುದಿಯ ಹಳದಿ ಗೆರೆಯ ಹಿಂದೆ ಕಾಯುತ್ತಿರುವ ವಿಮಾನದ ಮುಂದಿನ ದೀಪ ಆರಿದ್ದರೆ ಟ್ರ್ಯಾಕ್ಟರ್ ದಾಟಬಹುದು. ದೀಪ ಹತ್ತಿತೆಂದರೆ ವಿಮಾನ ರನ್‌ವೇಗೆ ಬರುತ್ತಿದೆ, ಟ್ರ್ಯಾಕ್ಟರ್ ನಿಲ್ಲಬೇಕು. ಎಷ್ಟು ಸಿಂಪಲ್ ಅಲ್ಲವಾ!

ಈಗ ಗುಟ್ಟು. ಸಂಜೆ ನಾನು ಟೀ ಲೋಟ ಹಿಡಿದು ಬೇಲಿಯ ಹತ್ತಿರ ನಿಲ್ಲುತ್ತೇನಲ್ಲ, ಇವರು ಆ ಹಳದಿ ಗೆರೆಯ ಹಿಂದಿನಿಂದ ಎರಡು ಸಲ ದೀಪ ಮಿಣುಕಿಸುತ್ತಾರೆ. ನನಗೋಸ್ಕರ! ಇಡೀ ನಿಲ್ದಾಣಕ್ಕೆ ಇದು ಗೊತ್ತು. ವಿದ್ಯಾರ್ಥಿಗಳು ಅದಕ್ಕೆ "ಮೇಡಂ ದೀಪ" ಎಂದು ಹೆಸರಿಟ್ಟಿದ್ದಾರೆ. ಕ್ಯಾಂಟೀನಿನ ಅಕ್ಕ ಅಂತೂ "ಹೋಗಿ ಮೇಡಂ, ನಿಮ್ ದೀಪ ಹತ್ತೋ ಹೊತ್ತಾಯ್ತು, ಟೀ ನಾನ್ ಆಮೇಲ್ ಕೊಡ್ತೀನಿ" ಎಂದು ನನ್ನನ್ನು ಹೊರಗೆ ತಳ್ಳುತ್ತಾಳೆ. ಮೊದಮೊದಲು ಟ್ರ್ಯಾಕ್ಟರ್ ತಾತ ಪಾಪ ದೀಪ ಕಂಡು ಗಕ್ಕನೆ ಬ್ರೇಕ್ ಹಾಕಿ ಕೂತಿರುತ್ತಿದ್ದ. ಈಗ ಅವನಿಗೂ ಗೊತ್ತಾಗಿದೆ. ನಿಲ್ಲಿಸುವುದೇ ಇಲ್ಲ, ಸೀಟಿನ ಮೇಲಿಂದಲೇ ನನ್ನ ಕಡೆ ಟವೆಲ್ ಬೀಸಿ ದಾಟಿಕೊಂಡು ಹೋಗುತ್ತಾನೆ. ನಾಚಿಕೆಯಿಂದ ಸತ್ತೇ ಹೋದೆ ಅಕ್ಕ. ಇಂಥ ಸಾವು ದಿನಾ ಬರಲಿ!

ಸಾವಿರ ಮುತ್ತುಗಳೊಂದಿಗೆ,
ನಿನ್ನ ಚಿನ್ನಿ


ಮೇ 13

ಚಿನ್ನಿ,

ಪತ್ರ ಬಂತು. ಎರಡು ಸಲ ಓದಿದೆ. ನೀನು ನಗುನಗುತ್ತಾ ಇರುವುದು ಸಾಕು ನನಗೆ.

ಒಂದು ಕೆಲಸ ಮಾಡು. ಆ ದೀಪವನ್ನು ನಿನಗಾಗಿ ಮಿಣುಕಿಸುವುದು ಬೇಡ ಎಂದು ನಿನ್ನ ಗಂಡನಿಗೆ ಹೇಳು. ನಾಳೆ, ನಾಡಿದ್ದು ಅಲ್ಲ. ಇದನ್ನು ಓದಿದ ದಿನವೇ ಹೇಳು. ನಾನು ಹೇಳಿದೆ ಎನ್ನಬೇಡ, ನಿನಗೇ ಅನ್ನಿಸಿತು ಎನ್ನು. ಅವರ ಕೆಲಸದಲ್ಲಿ ನಾನು ಕೈ ಹಾಕಿದ ಹಾಗಾಗಬಾರದು.

ಇಲ್ಲಿ ಕೆಲಸ ಜಾಸ್ತಿ. ಗಂಟಲು ಕಟ್ಟಿದೆ, ಟವರಿನಲ್ಲಿ ಎಲ್ಲರೂ ನನ್ನನ್ನು ಕಪ್ಪೆ ಎನ್ನುತ್ತಿದ್ದಾರೆ. ಊಟ ಸರಿಯಾಗಿ ಮಾಡು.

ಅಕ್ಕ


ಮೇ 20

ಅಕ್ಕ,

ಇಷ್ಟೇನಾ? ನಾನು ಎರಡು ಹಾಳೆ ತುಂಬಿಸಿ ಕಳಿಸಿದರೆ ನೀನು ಮೂರು ಗೆರೆ ಗೀಚಿ, ಅದರಲ್ಲೂ ಒಂದು ಆರ್ಡರ್ ಹಾಕಿದ್ದೀಯ. ಓದಿ ಅಳು ಬಂತು. ಇವರು ಕಾಗದ ಕಸಿದುಕೊಂಡು ಓದಿಯೇಬಿಟ್ಟರು, ನೀನು ಹೇಳಿದ್ದು ಎಂದು ಮುಚ್ಚಿಡಲು ಆಗಲಿಲ್ಲ. ನಕ್ಕರು. "ನಿಮ್ಮಕ್ಕ ಅಲ್ಲಿ ಕೂತ್ಕೊಂಡೇ ಇಲ್ಲಿ ಟವರ್ ನಡೆಸ್ತಾರಲ್ಲ! ಆಯ್ತಮ್ಮ, ದೊಡ್ಡೋರ ಮಾತು" ಎಂದರು. ಅವತ್ತೇ ನಿಲ್ಲಿಸಿದರು. ಈಗ ಸಮಾಧಾನವಾಯಿತಾ ಮೇಡಂ?

ನಾನು ಈಗಲೂ ಬೇಲಿಯ ಹತ್ತಿರ ನಿಲ್ಲುತ್ತೇನೆ. ವಿಮಾನದ ಕತ್ತಲ ಗೂಡಿನೊಳಗೆ ಇವರ ಮುಖ ಕಾಣುವುದಿಲ್ಲ. ವಿಮಾನ ಸುಮ್ಮನೆ ತಿರುಗಿ ಓಡಿ ಹಾರಿಹೋಗುತ್ತದೆ. ಕ್ಯಾಂಟೀನಿನ ಅಕ್ಕ ಕಿವಿಯ ಹತ್ತಿರ ಬಂದು "ಏನ್ ಮೇಡಂ, ಜಗಳಾನಾ?" ಎಂದು ಕೇಳಿದಳು. "ಸ್ವಲ್ಪ" ಎಂದುಬಿಟ್ಟೆ. ಅಕ್ಕನ ಅಪ್ಪಣೆ ಎಂದು ಹೇಗೆ ಹೇಳಲಿ?

ಕೋಪ ಮಾಡಿಕೊಳ್ಳಬೇಡ, ಆದರೆ ಕೇಳಲೇಬೇಕು. ನಿನಗೆ ಸ್ವಲ್ಪ, ಒಂದೇ ಒಂದು ಚಮಚ ಹೊಟ್ಟೆಕಿಚ್ಚು ಆಯಿತಾ? ನೀನು ಮದುವೆ ಬೇಡವೆಂದು ಕೂತವಳು. ನಾವು ಇಲ್ಲಿ ಕುಣಿಯುವುದು ನಿನಗೆ ಮಕ್ಕಳಾಟದಂತೆ ಕಾಣಬಹುದು. ಅಷ್ಟಿದ್ದರೆ ಹಾಗೆಂದೇ ಬರಿ.

ಚಿನ್ನಿ


ಮೇ 27

ಚಿನ್ನಿ,

ನಿಲ್ಲಿಸಿದರಲ್ಲ, ಒಳ್ಳೆಯದಾಯಿತು. ನಿನ್ನ ಗಂಡ ಒಳ್ಳೆಯವರು.

ಹೊಟ್ಟೆಕಿಚ್ಚು ಒಂದು ಚಮಚವಲ್ಲ, ಒಂದು ಲೋಟವೇ ಇರಬಹುದು. ನೀನು ಹುಟ್ಟಿದಾಗಿನಿಂದಲೂ ಇದೆ. ನನ್ನ ಗೊಂಬೆಯ ತಲೆ ಕಿತ್ತವಳು ನೀನು. ಈ ವಿಷಯ ಇಲ್ಲಿಗೆ ಮುಗಿಯಿತು, ಇಬ್ಬರೂ ಮರೆತುಬಿಡೋಣ.

ನನ್ನ ಗಂಟಲು ವಾಸಿಯಾಗಿದೆ. ರಜೆ ಸಿಕ್ಕರೆ ಬಂದು ಆ ಫ್ರಿಜ್ ಬಾಗಿಲು ನೋಡುತ್ತೇನೆ.

ಅಕ್ಕ


ಜೂನ್ 15

ಪ್ರೀತಿಯ ಅಕ್ಕ,

ತಡವಾಯಿತು, ಕ್ಷಮಿಸು. ಮನೆಯಲ್ಲಿ ಕೆಲಸ. ಕಿಟಕಿಗೆ ಹೊಸ ಪರದೆ ಹಾಕಿದೆ, ನೀಲಿ ಬಣ್ಣದ್ದು. ಹಿತ್ತಿಲ ಬಾಗಿಲಿಗೂ ಒಂದು ಹಾಕಿದೆ. ಬಿಸಿಲು ಬರುತ್ತದೆ ನೋಡು.

ಇವರು ಚೆನ್ನಾಗಿದ್ದಾರೆ. ನಾನೂ ಚೆನ್ನಾಗಿದ್ದೇನೆ. ನೀನು ಫೋನ್ ಮಾಡಿದ್ದೆಯಂತೆ, ಬಟ್ಟೆ ಒಗೆಯುತ್ತಿದ್ದೆ, ಕೇಳಿಸಲಿಲ್ಲ.

ಈಗಲೇ ಬರುವುದು ಬೇಡ ಅಕ್ಕ. ಬಿಸಿಲು ಇಳಿಯಲಿ.

ಚಿನ್ನಿ


ಜೂನ್ 19

ಚಿನ್ನಿ,

ಬಟ್ಟೆ ಒಗೆಯುವಾಗ ಅಷ್ಟು ಸಲ ಫೋನ್ ಬಂದರೂ ಕೇಳಿಸಲಿಲ್ಲವೆಂದರೆ ಇಡೀ ಊರಿನ ಬಟ್ಟೆ ಒಗೆದಿರಬೇಕು.

ಎಲ್ಲ ನಿಲ್ದಾಣಗಳ ಅವಘಡದ ಸುದ್ದಿ ನಮ್ಮ ಟವರಿಗೆ ಬರುತ್ತದೆ. ಓದುವುದು ನನ್ನ ಕೆಲಸದ ಒಂದು ಭಾಗ. ಮೊನ್ನೆ ಬಂದದ್ದರಲ್ಲಿ ನಿಮ್ಮ ನಿಲ್ದಾಣವಿತ್ತು. "ಸಂಜೆ, ಟವರ್ ಮುಚ್ಚಿದ ನಂತರ, ಹಾರಲು ಓಡುತ್ತಿದ್ದ ತರಬೇತಿ ವಿಮಾನದ ಚಕ್ರ ರನ್‌ವೇ ದಾಟುತ್ತಿದ್ದ ಟ್ರ್ಯಾಕ್ಟರಿಗೆ ತಗುಲಿತು. ಬೋಧಕ ಮತ್ತು ವಿದ್ಯಾರ್ಥಿ ಕ್ಷೇಮ. ಟ್ರ್ಯಾಕ್ಟರ್ ಚಾಲಕನಿಗೆ ಗಾಯ. ಮೇಲ್ನೋಟದ ಕಾರಣ: ವಯಸ್ಸಾದ ಚಾಲಕನ ಕಣ್ಣು ಮಂದ, ದೀಪವನ್ನು ಗಮನಿಸಿಲ್ಲ." ಅಷ್ಟೇ ಇತ್ತು.

ಆ ಬೋಧಕ ಯಾರೆಂದು ಕೇಳುವುದಿಲ್ಲ. ರನ್‌ವೇ ಕಡೆಯ ಬಾಗಿಲಿಗೆ ನೀನು ಹಾಕಿದ ಪರದೆಯೇ ಹೇಳಿತು.

ನಿನ್ನ ಗಂಡ ಬದುಕಿದ್ದಾರೆ, ಮೊದಲು ಅದಕ್ಕೆ ಕೈಮುಗಿದೆ. ಆಮೇಲೆ ಒಂದು ಪ್ರಶ್ನೆ ಎದ್ದಿದೆ, ನುಂಗಲೂ ಆಗುತ್ತಿಲ್ಲ, ಉಗುಳಲೂ ಆಗುತ್ತಿಲ್ಲ. ಟವೆಲ್ ಬೀಸಿಕೊಂಡು ದಾಟುತ್ತಿದ್ದನಲ್ಲ, ಅದೇ ತಾತನಾ? ದೀಪ ನಿನಗೆ ಹಾಕುವುದು ನಿಂತಿದೆ ಎಂದು ಅವನಿಗೆ ಯಾರಾದರೂ ಹೇಳಿದ್ದರಾ?

ಅಕ್ಕ


ಜೂನ್ 25

ಅಕ್ಕ,

ಹೇಳಿರಲಿಲ್ಲ. ಯಾರೂ ಯಾರಿಗೂ ಹೇಳಿರಲಿಲ್ಲ. ಇವರು ನನಗೆ ಹೇಳಿದರು, ನಾನು ನಿನಗೆ ಬರೆದೆ. ಅಲ್ಲಿಗೆ ಮುಗಿಯಿತೆಂದುಕೊಂಡೆವು.

ಆ ಸಂಜೆ ನಾನು ಬೇಲಿಯ ಹತ್ತಿರವೇ ಇದ್ದೆ. ಟ್ರ್ಯಾಕ್ಟರ್ ಕೆಟ್ಟು ಎಷ್ಟೋ ದಿನ ಶೆಡ್ಡಿನಲ್ಲಿತ್ತು, ಅವತ್ತೇ ರಿಪೇರಿಯಾಗಿ ಹೊರಗೆ ಬಂದಿತ್ತು. ತಾತ ರನ್‌ವೇ ಅಂಚಿಗೆ ಬಂದ. ಇವರ ವಿಮಾನದ ದೀಪ ಹತ್ತಿತು. ತಾತ ಆ ಕಡೆ ನೋಡಿದ, ನಾನು ಕಂಡೆ ಅಕ್ಕ, ಅವನು ಚೆನ್ನಾಗಿಯೇ ನೋಡಿದ. ನೋಡಿ ನನ್ನ ಕಡೆ ತಿರುಗಿದ. ಹೆಗಲ ಟವೆಲ್ ತೆಗೆದು ಎಂದಿಗಿಂತ ಜೋರಾಗಿ ಬೀಸಿದ. ಬೀಸುತ್ತಲೇ ದಾಟಲು ಹೊರಟ. ಇವರಿಗೆ ಎದುರುಬಿಸಿಲು. ನಾನು ಕೂಗಿದೆ. ಆ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ.

ಕೊನೆಯ ಗಳಿಗೆಯಲ್ಲಿ ಇವರಿಗೆ ಕಂಡಿದೆ, ವಿಮಾನದ ಮೂತಿ ಎತ್ತಿದ್ದಾರೆ. ಚಕ್ರ ಟ್ರ್ಯಾಕ್ಟರಿಗೆ ನೆರಳಿಗೆಂದು ಹಾಕಿದ್ದ ತಗಡನ್ನು ಕಿತ್ತುಕೊಂಡು ಹೋಯಿತು. ತಾತ ಹಾರಿ ಬಿದ್ದ. ಭುಜದ ಮೂಳೆ ಮುರಿದಿದೆ. ವಿಮಾನ ಒಂದು ಸುತ್ತು ಹೊಡೆದು ಸೊಟ್ಟ ಚಕ್ರದಲ್ಲೇ ಇಳಿಯಿತು. ಆ ಒಂದು ಸುತ್ತು ಮುಗಿಯುವವರೆಗೆ ನಾನು ತಂತಿ ಹಿಡಿದುಕೊಂಡಿದ್ದೆ. ಅಂಗೈಯಲ್ಲಿ ಇನ್ನೂ ಗುರುತಿದೆ.

ಆಸ್ಪತ್ರೆಗೆ ಹೋಗಿದ್ದೆ. ಒಬ್ಬಳೇ. ತಾತ ನನ್ನನ್ನು ಕಂಡು ಏಳಲು ನೋಡಿದ. "ಸರ್ ಹೆಂಗವ್ರೆ ಅಮ್ಮಾ?" ಅಂತ ಮೊದಲು ಕೇಳಿದ. ಆಮೇಲೆ ಮೆಲ್ಲಗೆ ಹೇಳಿದ. "ನೀವಿಬ್ರೂ ಜಗಳ ಆಡಿದೀರ, ದೀಪ ಹಾಕ್ತಿಲ್ಲ ಅಂತ ಕ್ಯಾಂಟೀನಲ್ಲಿ ಅಂದಿದ್ರು. ನಂಗೆ ಒಂಥರಾ ಆಗಿತ್ತು. ಅವತ್ತು ದೀಪ ಹತ್ತಿದ್ದು ನೋಡಿ, ಸದ್ಯ, ರಾಜಿ ಆದ್ರಲ್ಲ ಅಂದ್ಕೊಂಡೆ. ಆಮೇಲೆ ಅದು ಆರ್ತೋ ಬಿಡ್ತೋ, ನೋಡೋಕೆ ಹೋಗ್ಲಿಲ್ಲ."

"ಇದನ್ನ ಅವರಿಗೆ ಹೇಳಿದ್ರಾ ತಾತ?" ಎಂದೆ.

"ಹೇಳ್ತಾರೇನಮ್ಮಾ? ಹೊಸ ಸಂಸಾರ. ದೀಪ ಕಾಣ್ಲಿಲ್ಲ ಅಂತ ಬರ್ಸಿದೀನಿ. ಕಣ್ಣು ಮಂದ ಅಂದ್ರು, ಹೂಂ ಅಂದೆ. ಕಾಗೆ ಕಣ್ಣು ನಂದು, ಅವರಿಗೇನ್ ಗೊತ್ತು!" ಎಂದು ನಕ್ಕ. ನಗುವಾಗ ಭುಜ ನೋವಾಗಿ ಮುಖ ಕಿವುಚಿದ.

ಜುಲೈ 10ಕ್ಕೆ ವಿಚಾರಣೆ. ಅವನನ್ನು ಕೆಲಸದಿಂದ ತೆಗೆದು ಕಡತ ಮುಚ್ಚುತ್ತಾರಂತೆ. ಇವರಿಗೆ ಎಲ್ಲ ಹೇಳಿದೆ. ಎದ್ದು ಹೋಗಿ ಹಿತ್ತಿಲ ಬಾಗಿಲು ಹಾಕಿದರು. ಆಮೇಲೆ "ಅವತ್ತು ನಾನು ರೂಲ್ ಪ್ರಕಾರಾನೇ ದೀಪ ಹಾಕಿದೀನಿ. ನಾನೇನಾದ್ರೂ ಸುಳ್ಳು ಹೇಳಿದ್ನಾ?" ಎಂದರು.

"ಇಲ್ಲ."

"ಮತ್ತೆ? ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದೀನಿ. ಅವರು ಕೇಳ್ದೇ ಇರೋದನ್ನ ನಾನ್ಯಾಕೆ ಹೇಳ್ಬೇಕು? ನನ್ನ ಲೈಸೆನ್ಸ್ ಹೋದ್ರೆ ಶಾಲೆ ಕೊಟ್ಟಿರೋ ಈ ಮನೇನೂ ಹೋಗತ್ತೆ, ಗೊತ್ತಾ?"

ಅಂದಿನಿಂದ ನಾವು ಮಾತಾಡುವುದು ಉಪ್ಪು ಕೊಡು, ಬಾಗಿಲು ಹಾಕು, ಇಷ್ಟೇ. ಅಕ್ಕ, ನೀನು ನನ್ನ ಸ್ಥಾನದಲ್ಲಿದ್ದರೆ ಏನು ಮಾಡುತ್ತಿದ್ದೆ? ಸುಮ್ಮನಿರು ಎಂದು ಬರೆ. ಒಂದೇ ಸಲ, ನನಗೋಸ್ಕರ, ಹಾಗೆ ಬರೆ.

ಚಿನ್ನಿ


ಜೂನ್ 29

ಚಿನ್ನಿ,

ಹಾಗೆ ಬರೆಯಲಾರೆ.

ನಿನ್ನ ಮೊದಲ ಪತ್ರ ಓದಿದ ರಾತ್ರಿ ನಾನು ಮಲಗಲಿಲ್ಲ. ದೀಪ ಕಂಡರೂ ಟ್ರ್ಯಾಕ್ಟರ್ ನಿಲ್ಲುವುದಿಲ್ಲ ಎಂಬಲ್ಲಿಗೆ ಬಂದಾಗ ಕಾಗದ ಕೆಳಗಿಟ್ಟಿದ್ದೆ. ಇಂಥದ್ದು ಗೊತ್ತಾದರೆ ಹೆಸರಿಲ್ಲದೆ ತಿಳಿಸಲು ನಮ್ಮ ಕಸುಬಿನಲ್ಲಿ ಒಂದು ದಾರಿ ಇದೆ. ಕಂಪ್ಯೂಟರಿನಲ್ಲಿ ಅದನ್ನು ತೆರೆದೆ, ನಿಮ್ಮ ನಿಲ್ದಾಣದ ಹೆಸರು ಟೈಪ್ ಮಾಡಿದೆ, ಮತ್ತೆ ಅಳಿಸಿದೆ. ತಂಗಿಗೆ ಮದುವೆಯಾಗಿ ಇನ್ನೂ ತಿಂಗಳಾಗಿಲ್ಲ, ಅವಳ ಗಂಡನ ಮೇಲೆ ದೂರು ಕೊಡಲೇ ಎಂದುಕೊಂಡೆ. ರನ್‌ವೇಯ ಮಾತನ್ನು ಮನೆಯೊಳಗಿನ ಮಾತು ಮಾಡಿ ನಿನ್ನ ಕಿವಿಯಲ್ಲಿ ಹೇಳಿದೆ. ನೀನು ಅವರ ಕಿವಿಯಲ್ಲಿ ಹೇಳಿದೆ. ದಾಟುವವನ ಕಿವಿಗೆ ಮಾತ್ರ ಬೀಳಲಿಲ್ಲ. ನಿಮ್ಮ ಆಟಕ್ಕಿಂತ, ಅದನ್ನು ಸದ್ದಿಲ್ಲದೆ ನಿಲ್ಲಿಸಿದ್ದು ಹೆಚ್ಚು ಅಪಾಯವಾಯಿತು. ಅದರಲ್ಲಿ ನನ್ನ ಪಾಲು ನಿನ್ನದಕ್ಕಿಂತ ದೊಡ್ಡದು. ನನಗೆ ಗೊತ್ತಿರಬೇಕಿತ್ತು.

ಈಗ ಯೋಚಿಸು. ತಾತನ ಕಣ್ಣೇ ಕಾರಣ ಎಂದು ಬರೆದು ಮುಚ್ಚಿದರೆ ಆಗುವುದೇನು? ಒಳ್ಳೆಯ ಕಣ್ಣಿನ ಇನ್ನೊಬ್ಬನನ್ನು ತಂದು ಅದೇ ಸೀಟಿನಲ್ಲಿ ಕೂರಿಸುತ್ತಾರೆ. ಅದೇ ಅಡ್ಡಹಾದಿ, ರೇಡಿಯೋ ಇಲ್ಲದ ಅದೇ ಟ್ರ್ಯಾಕ್ಟರ್, ಅದೇ ಎದುರುಬಿಸಿಲು. ಮುಂದಿನ ಸಲ ಮೂತಿ ಎತ್ತಲು ಗೊತ್ತಿರುವವರು ಒಳಗಿರುತ್ತಾರೋ, ಮೊದಲ ಸಲ ಒಬ್ಬನೇ ಹಾರುತ್ತಿರುವ ವಿದ್ಯಾರ್ಥಿ ಇರುತ್ತಾನೋ?

ನನ್ನ ಪಾಲಿನದನ್ನು ಬರೆದಿಟ್ಟಿದ್ದೇನೆ, ಹೆಸರು ಹಾಕಿಯೇ. ವಿಚಾರಣೆಯ ದಿನದವರೆಗೆ ಕಳಿಸುವುದಿಲ್ಲ. ಅಷ್ಟರೊಳಗೆ ನಿನ್ನ ಗಂಡನೋ ನೀನೋ ಹೇಳಿದರೆ ಸರಿ. ಇಲ್ಲದಿದ್ದರೆ ಅಂದು ಸಂಜೆ ಅದು ಹೋಗುತ್ತದೆ. ಆಮೇಲೆ ನೀನು ನನ್ನ ಮುಖ ನೋಡದಿದ್ದರೂ ಸರಿಯೇ.

ಅಕ್ಕ


ಜುಲೈ 3

ನನ್ನ ಕಣ್ಣೀರು ಒರೆಸಲು ಕೇಳಿದರೆ ನೀನು ಗಡುವು ಕೊಟ್ಟಿದ್ದೀಯ.

ಇನ್ನು ಪತ್ರ ಬೇಡ.


ಜುಲೈ 12

ಅಕ್ಕ,

ಬೇಡ ಎಂದವಳೇ ಬರೆಯುತ್ತಿದ್ದೇನೆ. ನಿನ್ನದನ್ನು ಕಳಿಸಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಮೊನ್ನೆ ಫೋನ್ ಮಾಡಿ ಕೇಳೋಣವೆಂದುಕೊಂಡೆ, ನಂಬರ್ ಒತ್ತಿ ಇಟ್ಟುಬಿಟ್ಟೆ.

ವಿಚಾರಣೆ ನಮ್ಮ ತರಬೇತಿ ಶಾಲೆಯ ಪಾಠದ ಕೋಣೆಯಲ್ಲೇ ನಡೆಯಿತು. ಮೂವರು ಹೊರಗಿನಿಂದ ಬಂದಿದ್ದರು. ನಡುವೆ ಕೂತಿದ್ದ ಹೆಂಗಸು, ಬಿಳಿಕೂದಲು, ನಿನ್ನ ಹಾಗೆಯೇ ಕಡಿಮೆ ಮಾತು. ಅವತ್ತು ನಿಲ್ದಾಣದಲ್ಲಿದ್ದವರೆಲ್ಲ ಬರಬೇಕೆಂದಿದ್ದರಿಂದ ಬೆಂಚುಗಳು ತುಂಬಿದ್ದವು. ಮೆಕ್ಯಾನಿಕ್ಕುಗಳು, ಪೆಟ್ರೋಲ್ ಹಾಕುವವನು, ವಿದ್ಯಾರ್ಥಿಗಳು, ಕ್ಯಾಂಟೀನಿನ ಅಕ್ಕ, ಟವರಿನ ಇಬ್ಬರು. ತಾತ ಮುಂದಿನ ಬೆಂಚಿನಲ್ಲಿ ಕೈಗೆ ಜೋಳಿಗೆ ಕಟ್ಟಿಕೊಂಡು ಕೂತಿದ್ದ. ಇವರು ಗೋಡೆಯ ಪಕ್ಕ. ಬೆಳಗ್ಗೆ ಮನೆಯಿಂದ ಹೊರಡುವಾಗ "ನೀನು ಏನಾದ್ರೂ ಹೇಳ್ತೀಯಾ?" ಎಂದು ಕೇಳಿದ್ದರು. "ನೀವು ಹೇಳ್ತೀರಾ?" ಎಂದಿದ್ದೆ.

ತಾತನನ್ನು ಕೇಳಿದರು, ಅವನು "ಕಾಣ್ಲಿಲ್ಲ" ಎಂದ. ಇವರನ್ನು ಕೇಳಿದರು, ಇವರು "ರೇಡಿಯೋದಲ್ಲಿ ಹೇಳಿ, ದೀಪ ಹಾಕಿ ಹೊರಟೆ" ಎಂದರು. ಇನ್ನು ಯಾರಿಗಾದರೂ ಹೇಳುವುದಿದೆಯೇ ಎಂದು ಆ ಹೆಂಗಸು ತಲೆ ಎತ್ತಿದಾಗ ನಾನು ಇವರನ್ನೇ ನೋಡಿದೆ. ಇವರು ನೆಲ ನೋಡುತ್ತಿದ್ದರು. ನನ್ನ ಕಾಲು ತಾನಾಗಿ ಎದ್ದಿತು ಅಕ್ಕ, ಧೈರ್ಯವೆಂದು ತಿಳಿಯಬೇಡ.

"ತಾತನಿಗೆ ದೀಪ ಕಂಡಿತ್ತು. ನಾನು ನೋಡಿದೀನಿ. ಅದು ನನಗೆ ಹಾಕಿದ ದೀಪ ಅಂದ್ಕೊಂಡ್ರು" ಎಂದೆ.

ತಾತ "ಅಮ್ಮಾ, ಸುಮ್ನಿರಿ, ಕೂತ್ಕೊಳ್ಳಿ" ಎಂದು ಎದ್ದೇಬಿಟ್ಟ. ಶಾಲೆಯ ಮ್ಯಾನೇಜರ್ "ಮೇಡಂ, ನಿಮ್ಮ ಮನೆ ಸರಸಾನೆಲ್ಲ ಇಲ್ಲಿ ಯಾಕೆ ತರ್ತೀರ?" ಎಂದರು. ಹಿಂದಿನಿಂದ ಯಾರೋ ಕಿಸಕ್ಕೆಂದರು. ನನ್ನ ಕಿವಿ ಸುಟ್ಟುಹೋಯಿತು. ಆ ಹೆಂಗಸು ಮಾತ್ರ ನಗಲಿಲ್ಲ. "ಪೂರ್ತಿ ಹೇಳಮ್ಮ" ಎಂದರು. ಹೇಳಿದೆ. ಟೀ ಲೋಟ, ಎರಡು ಮಿಣುಕು, ಟವೆಲ್, ನಿನ್ನ ಪತ್ರ, ನಾವು ಯಾರಿಗೂ ಹೇಳದೆ ನಿಲ್ಲಿಸಿದ್ದು, ಕ್ಯಾಂಟೀನಿನಲ್ಲಿ ನಾನು "ಸ್ವಲ್ಪ" ಜಗಳ ಎಂದದ್ದು. ಕೊನೆಕೊನೆಗೆ ಕನ್ನಡವೂ ಇಂಗ್ಲಿಷೂ ಕಲಸಿಹೋಗಿ ಏನು ಹೇಳಿದೆನೋ ತಿಳಿಯದು.

ಅವರು ಪೆನ್ನು ಕೆಳಗಿಟ್ಟು ಇಡೀ ಕೋಣೆಯನ್ನು ಕೇಳಿದರು. "ಆ ದೀಪ ಒಮ್ಮೊಮ್ಮೆ ಇವರ ಹೆಂಡತಿಗೆ ಅಂತ ಯಾರ್ಯಾರಿಗೆ ಗೊತ್ತಿತ್ತು? ಕೈ ಎತ್ತಿ."

ಯಾರೂ ಅಲುಗಲಿಲ್ಲ. ಆಮೇಲೆ ಕ್ಯಾಂಟೀನಿನ ಅಕ್ಕ ಎತ್ತಿದಳು. ಪೆಟ್ರೋಲ್ ಹಾಕುವವನು. ಮೆಕ್ಯಾನಿಕ್ಕುಗಳು. ವಿದ್ಯಾರ್ಥಿಗಳ ಸಾಲಿನಲ್ಲಿ ಒಂದೊಂದೇ, ಒಂದೊಂದೇ. ಟವರಿನ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎತ್ತಿದರು. ಮ್ಯಾನೇಜರ್ ಅರ್ಧ ಎತ್ತಿ ಕನ್ನಡಕ ಸರಿಮಾಡಿಕೊಂಡ ಹಾಗೆ ಮಾಡಿದರು. ತಾತ ಮುರಿಯದ ಕೈ ಎತ್ತಿದ. ಎಲ್ಲರಿಗಿಂತ ಕೊನೆಗೆ ಗೋಡೆಯ ಪಕ್ಕದಿಂದ ಇವರ ಕೈ.

"ಅಂದ್ರೆ ಒಬ್ಬರ ಕಣ್ಣಿನ ದೋಷ ಅಲ್ಲ" ಎಂದರು ಆ ಹೆಂಗಸು, ತಾತನ ಹೆಸರಿದ್ದ ಹಾಳೆಯನ್ನು ಪಕ್ಕಕ್ಕೆ ಸರಿಸಿದರು.

ತಾತನ ಕೆಲಸ ಉಳಿಯಿತು. ಅಡ್ಡಹಾದಿ ಅಂದೇ ಮುಚ್ಚಿತು. ಟ್ರ್ಯಾಕ್ಟರಿಗೆ ರೇಡಿಯೋ ಬರುವವರೆಗೆ ವಿಮಾನ ಹಾರುವ ಹೊತ್ತಿನಲ್ಲಿ ಹುಲ್ಲು ಕೊಯ್ಯುವ ಹಾಗಿಲ್ಲ. ಇವರು ಆರು ತಿಂಗಳು ಯಾರಿಗೂ ಹಾರಲು ಕಲಿಸುವಂತಿಲ್ಲ. ಮನೆಯ ಬಗ್ಗೆ ಮ್ಯಾನೇಜರ್ "ನೋಡೋಣ" ಎಂದಿದ್ದಾರೆ. ಅವರ "ನೋಡೋಣ" ಎಂದರೆ ಪೆಟ್ಟಿಗೆ ಕಟ್ಟಿ ಎಂದರ್ಥವಂತೆ.

ಈ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಇವರು ತಟ್ಟೆ ನೋಡುತ್ತಲೇ ಕೇಳಿದರು. "ನೀನು ಎದ್ದು ನಿಲ್ದೇ ಇದ್ದಿದ್ರೆ ನಾನು ನಿಲ್ತಿದ್ನಾ?"

ಸುಳ್ಳು ಹೇಳಬಹುದಿತ್ತು. "ಗೊತ್ತಿಲ್ಲ" ಎಂದೆ.

"ನಂಗೂ ಗೊತ್ತಿಲ್ಲ. ಅದಕ್ಕೇ ನಿದ್ದೆ ಬರ್ತಿಲ್ಲ" ಎಂದರು. ಕೈತೊಳೆದು ಚಪ್ಪಲಿ ಮೆಟ್ಟಿದರು. ನಾನೂ ಬರಲೇ ಎಂದರೆ "ಬೇಡ, ಇದು ನಂದು" ಎಂದು ಒಬ್ಬರೇ ತಾತನ ಮನೆಗೆ ಹೋದರು.

ಈಗಷ್ಟೇ ಬಂದರು. ಕಣ್ಣು ಕೆಂಪಗಿದೆ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಎಲ್ಲ ಹೇಳಿದರು. ಕ್ಷಮಿಸಿ ಎನ್ನಲು ಬಾಯಿ ತೆರೆಯುವ ಮೊದಲೇ ತಾತ ಇವರನ್ನು ತರಾಟೆಗೆ ತೆಗೆದುಕೊಂಡನಂತೆ.

"ಅಡ್ಡಹಾದಿ ಮುಚ್ಚಿಸಿಬಿಟ್ರಾ ಸರ್? ಆ ಕಡೆ ಹುಲ್ಲು ಮಂಡಿಯುದ್ದ ಬಂದೈತೆ. ಇನ್ನು ಹೆಂಗೆ ಹೋಗ್ಲಿ ನಾನು?"

"ಬೇಲಿ ಸುತ್ಕೊಂಡು ಹೋಗಿ."

"ಬಲು ದೂರ ಆಗ್ತದೆ ಸರ್."

"ಆಗ್ಲಿ" ಎಂದರಂತೆ ಇವರು. "ದೂರ ಆಗ್ಲಿ."

ನಿನ್ನ ಚಿನ್ನಿ